ಬಾಲಮಂದಿರದ ಮಕ್ಕಳಿಗೆ ಮೆರಿಟ್ ಸ್ಕಾಲರ್‌ಶಿಪ್: ಯಾವುದು ಕೈಗೆ ಸಿಗುತ್ತದೆ, ಯಾವುದು ಬರೀ ಫೋಟೋಗೆ

ಮೊಬೈಲಿಗೆ, ಮಿಕ್ಸಿಗೆ ರಿವ್ಯೂ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸ್ಕಾಲರ್‌ಶಿಪ್‌ಗೆ ಯಾರೂ ಬರೆಯುವುದಿಲ್ಲ. ಪುಕ್ಕಟೆ ದುಡ್ಡು ಕೊಡುವವರಿಗೆ ಸ್ಟಾರ್ ಹಾಕುವುದು ಹೇಗೆ ಅಂತ ಸಂಕೋಚ ಇರಬಹುದು. ಆದರೆ ಅದೂ ಒಂದು ಸೇವೆಯೇ ಅಲ್ವಾ? ಫಾರ್ಮ್ ಇದೆ, ರೂಲ್ಸ್ ಇದೆ, ಲಾಸ್ಟ್ ಡೇಟ್ ಇದೆ, ಹೆಲ್ಪ್‌ಲೈನ್ ಇದೆ, ಫೋನ್ ಎತ್ತದ ಹೆಲ್ಪ್‌ಲೈನೂ ಇದೆ. ನಾನು ಒಂದು ಮಕ್ಕಳ ಪಾಲನಾ ಸಂಸ್ಥೆಗೆ ರಜೆಯ ದಿನ ಹೋಗಿ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಈಚೆಗೆ ಪಾಠಕ್ಕಿಂತ ಅರ್ಜಿ ತುಂಬಿಸುವ ಕೆಲಸವೇ ಜಾಸ್ತಿಯಾಗಿದೆ. ಸ್ಕಾಲರ್‌ಶಿಪ್ ಎಷ್ಟು ದೊಡ್ಡದು ಅಂತ ನಾನು ಆಮೇಲೆ ನೋಡುತ್ತೇನೆ. ಮನೆಯ ಆಸರೆ ಇಲ್ಲದ ಮಗುವಿಗೆ ಆ ಫಾರ್ಮಿನಲ್ಲಿ ಜಾಗ ಇದೆಯಾ ಅಂತ ಮೊದಲು ನೋಡುತ್ತೇನೆ. ಕೆಳಗೆ ಕೊಟ್ಟಿರುವ ಸ್ಟಾರ್‌ಗಳೂ ಅದರ ಮೇಲೆಯೇ.

ಬಾಲಮಂದಿರದಲ್ಲಿ ಇರುವವರೆಲ್ಲ ಅಪ್ಪ ಅಮ್ಮ ಸತ್ತುಹೋದ ಮಕ್ಕಳು ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಒಳಗೆ ಹೋದರೆ ಕಥೆಯೇ ಬೇರೆ. ಒಬ್ಬಳಿಗೆ ಅಮ್ಮ ಇದ್ದಾರೆ, ಆದರೆ ಮಾನಸಿಕ ಕಾಯಿಲೆ, ತಮ್ಮನ್ನೇ ತಾವು ನೋಡಿಕೊಳ್ಳಲಾರರು. ಒಬ್ಬನ ಅಪ್ಪ ಜೈಲಿನಲ್ಲಿ. ಕೆಲವರು ಇಟ್ಟಿಗೆ ಗೂಡಿನಿಂದಲೋ ಹೋಟೆಲ್ ಅಡುಗೆಮನೆಯಿಂದಲೋ ಬಿಡಿಸಿಕೊಂಡು ಬಂದವರು. ಕೂಸಾಗಿದ್ದಾಗಲೇ ಯಾರೋ ಬಿಟ್ಟುಹೋದ ಮಕ್ಕಳೂ ಇದ್ದಾರೆ, ಅವರಿಗೆ ಅಪ್ಪನ ಹೆಸರೇ ಗೊತ್ತಿಲ್ಲ. 2015ರ ಬಾಲ ನ್ಯಾಯ ಕಾಯ್ದೆ ಇದನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡಿದೆ. ಹೆತ್ತವರೂ ಕಾನೂನಿನ ಪೋಷಕರೂ ಇಲ್ಲದ ಮಗು ಅನಾಥ. ಪೋಷಕರಿದ್ದೂ ಅವರಿಗೆ ನೋಡಿಕೊಳ್ಳುವ ಮನಸ್ಸಿಲ್ಲದಿದ್ದರೆ, ಶಕ್ತಿಯಿಲ್ಲದಿದ್ದರೆ ಆ ಮಗುವೂ ಅನಾಥ. ಕಾಯ್ದೆ ಇಷ್ಟು ವಿಶಾಲವಾಗಿದೆ. ಸ್ಕಾಲರ್‌ಶಿಪ್ ರೂಲ್ಸ್ ಬರೆದವರು ಮಾತ್ರ ಈ ಸಾಲನ್ನು ಓದಿದಂತೆ ಕಾಣುವುದಿಲ್ಲ.

ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯವರ ಸ್ವನಾಥ್ ಸ್ಕಾಲರ್‌ಶಿಪ್ ತಗೊಳ್ಳಿ. ದುಡ್ಡಿನ ಲೆಕ್ಕದಲ್ಲಿ ಇದು ನಿಜಕ್ಕೂ ಒಳ್ಳೆಯದು. ವರ್ಷಕ್ಕೆ 50,000 ರೂಪಾಯಿ, ಡಿಗ್ರಿಗೆ ಗರಿಷ್ಠ 4 ವರ್ಷ, ಡಿಪ್ಲೊಮಾಗೆ 3 ವರ್ಷ. ಡಿಗ್ರಿಯವರಿಗೆ 1,000, ಡಿಪ್ಲೊಮಾದವರಿಗೆ 1,000, ಒಟ್ಟು 2,000 ಮಕ್ಕಳಿಗೆ ಅಂತ ಇಟ್ಟಿದ್ದಾರೆ. ಈ ದುಡ್ಡನ್ನು ಕಾಲೇಜು ಫೀಸಿಗೆ, ಪುಸ್ತಕಕ್ಕೆ, ಕಂಪ್ಯೂಟರಿಗೆ, ಏನು ಬೇಕೋ ಅದಕ್ಕೆ ಬಳಸಬಹುದು. ಬಿಲ್ಲು ತೋರಿಸಿ ಬಿಡಿಗಾಸು ಪಡೆಯುವ ಕಷ್ಟ ಇಲ್ಲ. ಅದು ನನಗೆ ತುಂಬಾ ಇಷ್ಟವಾಯಿತು. ಯಾರು ಹಾಕಬಹುದು? ಅಪ್ಪ ಅಮ್ಮ ಇಬ್ಬರೂ ಇಲ್ಲದವರು, ಕೋವಿಡ್‌ನಲ್ಲಿ ಇಬ್ಬರಲ್ಲಿ ಒಬ್ಬರನ್ನಾದರೂ ಕಳೆದುಕೊಂಡವರು, ಹುತಾತ್ಮ ಯೋಧರ ಮಕ್ಕಳು. ಕುಟುಂಬದ ಆದಾಯ 8 ಲಕ್ಷ ದಾಟಬಾರದು. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಡಿಪ್ಲೊಮಾದವರಿಗೆ ಹತ್ತನೇ ಕ್ಲಾಸಿನ ಮಾರ್ಕ್ಸು, ಡಿಗ್ರಿಯವರಿಗೆ ಹನ್ನೆರಡನೇ ಕ್ಲಾಸಿನ ಮಾರ್ಕ್ಸು ನೋಡುತ್ತಾರೆ.

ತೊಂದರೆ ಬರುವುದು ದಾಖಲೆಯಲ್ಲಿ. ಅನಾಥ ಅಂತ ತೋರಿಸಲು ತಂದೆಯ ಮರಣ ಪ್ರಮಾಣಪತ್ರ ಬೇಕು, ತಾಯಿಯದೂ ಬೇಕು. ಕೂಸಾಗಿದ್ದಾಗ ಬಿಟ್ಟುಹೋದವರ ಮರಣ ಪ್ರಮಾಣಪತ್ರವನ್ನು ಮಗು ಎಲ್ಲಿಂದ ತರಬೇಕು? ಅವರು ಸತ್ತಿದ್ದಾರೋ ಬದುಕಿದ್ದಾರೋ ಯಾರಿಗೆ ಗೊತ್ತು? ಮಕ್ಕಳ ಕಲ್ಯಾಣ ಸಮಿತಿ ಕೊಟ್ಟ ಆದೇಶ ಕೈಯಲ್ಲೇ ಇರುತ್ತದೆ, ಸರ್ಕಾರವೇ ಕೊಟ್ಟ ಕಾಗದ ಅದು, ಅದರಲ್ಲಿ ಈ ಮಗುವಿಗೆ ಯಾರೂ ಇಲ್ಲ ಅಂತ ಬರೆದಿರುತ್ತದೆ, ಆದರೂ ಅಪ್‌ಲೋಡ್ ಮಾಡುವ ಜಾಗದಲ್ಲಿ ಅದಕ್ಕೆ ಬೆಲೆ ಇಲ್ಲ. ಇನ್ನೊಂದು ಮಿತಿ, ಇದು ಎಐಸಿಟಿಇ ಮಾನ್ಯತೆ ಇರುವ ಕೋರ್ಸಿಗೆ ಮಾತ್ರ. ಬಿಎ ಸೇರಿದವಳಿಗೆ ಇಲ್ಲ, ನರ್ಸಿಂಗ್ ಸೇರಿದವಳಿಗೂ ಇಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ನರ್ಸಿಂಗ್ ಕೇಳುವವರೇ ಜಾಸ್ತಿ. ಬೇಗ ಕೆಲಸ ಸಿಗುತ್ತದೆ, ಇರಲು ಹಾಸ್ಟೆಲ್ಲೂ ಸಿಗುತ್ತದೆ ಅನ್ನುವ ಲೆಕ್ಕ ಅವರದು. ಆ ಲೆಕ್ಕ ತಪ್ಪೂ ಅಲ್ಲ. ಸ್ವನಾಥ್‌ಗೆ ಮೂರೂವರೆ ಸ್ಟಾರ್. ಕಾಗದ ಸರಿಯಾಗಿದ್ದರೆ ಮರೆಯದೆ ಹಾಕಿ, ಮೊತ್ತ ದೊಡ್ಡದು.

ಪಿಎಂ ಕೇರ್ಸ್ ಫಾರ್ ಚಿಲ್ಡ್ರನ್ ಮೆರಿಟ್ ಸ್ಕಾಲರ್‌ಶಿಪ್ ಅಲ್ಲ. ಆದರೂ ಇಲ್ಲಿ ಹೇಳಲೇಬೇಕು, ಯಾಕೆಂದರೆ ಸರಿಯಾಗಿ ಯೋಚಿಸಿ ಮಾಡಿದರೆ ಹೇಗಿರುತ್ತದೆ ಅನ್ನುವುದು ಅದರಲ್ಲಿ ಕಾಣುತ್ತದೆ. 2021ರ ಮೇ 29ರಂದು ಘೋಷಿಸಿದರು. 2020ರ ಮಾರ್ಚ್ 11ರ ನಂತರ ಕೋವಿಡ್‌ನಿಂದ ಅಪ್ಪ ಅಮ್ಮ ಇಬ್ಬರನ್ನೂ, ಅಥವಾ ಉಳಿದಿದ್ದ ಒಬ್ಬರನ್ನು, ಅಥವಾ ಪೋಷಕರನ್ನು ಕಳೆದುಕೊಂಡ ಮಕ್ಕಳಿಗೆ ಇದು. 18 ತುಂಬುವ ಹೊತ್ತಿಗೆ ಆ ಮಗುವಿನ ಹೆಸರಲ್ಲಿ 10 ಲಕ್ಷ ಆಗುವ ಹಾಗೆ ದುಡ್ಡು ಇಡುತ್ತಾರೆ. 18ರಿಂದ 23ರವರೆಗೆ ಅದರಿಂದ ತಿಂಗಳು ತಿಂಗಳು ಸ್ಟೈಪೆಂಡ್, 23 ತುಂಬಿದಾಗ ಆ 10 ಲಕ್ಷ ಕೈಗೆ. ಶಾಲೆಗೆ ಹೋಗುವವರಿಗೆ ವರ್ಷಕ್ಕೆ 20,000, ಜೊತೆಗೆ 5 ಲಕ್ಷದ ಆರೋಗ್ಯ ವಿಮೆ. ಮಾರ್ಕ್ಸ್ ಕೇಳುವುದಿಲ್ಲ. ಯಾರು ಬರೆದರೋ, 18 ಆದ ತಕ್ಷಣ ಮಗು ಬದುಕುವುದು ಹೇಗೆ ಅಂತ ಕೂತು ಯೋಚಿಸಿ ಬರೆದಿದ್ದಾರೆ.

ಆದರೆ ಒಂದೇ ಹಾಲ್‌ನಲ್ಲಿ ಪಕ್ಕಪಕ್ಕದ ಹಾಸಿಗೆಯಲ್ಲಿ ಮಲಗುವ ಇಬ್ಬರು ಮಕ್ಕಳನ್ನು ನೋಡಿ. ಒಬ್ಬನ ಅಪ್ಪ ಅಮ್ಮ ಕೋವಿಡ್‌ನಲ್ಲಿ ಹೋದರು, ಇನ್ನೊಬ್ಬನವರು ಅಪಘಾತದಲ್ಲಿ. ಮೊದಲನೆಯವನಿಗೆ 10 ಲಕ್ಷ. ಎರಡನೆಯವನು ಎನ್‌ಎಂಎಂಎಸ್ ಅನ್ನುವ ಮೆರಿಟ್ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂತು ವರ್ಷಕ್ಕೆ 12,000 ಗಳಿಸಬೇಕು. ಮೊದಲನೆಯವನಿಗೆ ಕೊಟ್ಟದ್ದು ಜಾಸ್ತಿಯಾಯಿತು ಅಂತ ನಾನು ಹೇಳುತ್ತಿಲ್ಲ. ಎರಡನೆಯವನಿಗೆ ಏನು ಉತ್ತರ ಕೊಡಬೇಕು ಅಂತ ಮಾತ್ರ ನನಗೆ ಗೊತ್ತಿಲ್ಲ. ಅವನು ಅದನ್ನು ಕೇಳಿಯೂ ಇದ್ದಾನೆ. ಯೋಜನೆಗೆ ಐದಕ್ಕೆ ಐದು, ಅದರ ಬಾಗಿಲಿನ ಅಗಲಕ್ಕೆ ಒಂದು.

ಈಗ ಎನ್‌ಎಂಎಂಎಸ್. ಸರ್ಕಾರಿ, ಅನುದಾನಿತ ಶಾಲೆಯ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. 2008ರಿಂದ ನಡೆದುಬಂದಿದೆ. ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ, ದೇಶದಲ್ಲಿ ವರ್ಷಕ್ಕೆ ಹೊಸದಾಗಿ 1 ಲಕ್ಷ ಮಕ್ಕಳಿಗೆ, 9ರಿಂದ 12ನೇ ತರಗತಿಯವರೆಗೆ ತಿಂಗಳಿಗೆ 1,000 ಲೆಕ್ಕದಲ್ಲಿ. ಮೊದಲು ವರ್ಷಕ್ಕೆ 6,000 ಇತ್ತು, ಆಮೇಲೆ 12,000 ಮಾಡಿದರು. ಆದಾಯ ಮಿತಿ 3.5 ಲಕ್ಷ. ಎರಡು ಪೇಪರು. ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠದ್ದು, ತಲಾ 90 ಪ್ರಶ್ನೆ. ಬುದ್ಧಿಶಕ್ತಿ ಪೇಪರಿನಲ್ಲಿ ನಮ್ಮ ಮಕ್ಕಳು ಎಲ್ಲರಿಗೂ ಸಮ. ಸರಣಿ ಪೂರ್ತಿ ಮಾಡಿ, ಗುಂಪಿಗೆ ಸೇರದ್ದು ಹೇಳಿ, ಇಂಥದ್ದರಲ್ಲಿ ಕೆಲವರು ಟ್ಯೂಷನ್‌ಗೆ ಹೋಗುವ ಮಕ್ಕಳನ್ನೂ ಹಿಂದೆ ಹಾಕುತ್ತಾರೆ. ಪಾಠದ ಪೇಪರಿನಲ್ಲಿ ಸೋಲುತ್ತಾರೆ. ಮೂರನೇ ಕ್ಲಾಸು ಒಂದು ಊರಲ್ಲಿ, ಐದು ಇನ್ನೊಂದು ಊರಲ್ಲಿ, ನಡುವೆ ಒಂದು ವರ್ಷ ಶಾಲೆಯೇ ಇಲ್ಲ ಅಂದರೆ ಭಿನ್ನರಾಶಿ ಎಲ್ಲೋ ಬಿಟ್ಟುಹೋಗಿರುತ್ತದೆ. ಅದನ್ನು ಹಿಂದಕ್ಕೆ ಹೋಗಿ ಹಿಡಿದುಕೊಂಡು ಬರಬೇಕು.

ಈ ಯೋಜನೆಯಲ್ಲಿ ಒಂದು ರೂಲ್ ಇದೆ. ಊಟ, ವಸತಿ, ಶಿಕ್ಷಣ ಎಲ್ಲ ಕೊಡುವ ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ, ನವೋದಯ ಮತ್ತು ಕೇಂದ್ರೀಯ ವಿದ್ಯಾಲಯದವರಿಗೆ ಇದು ಸಿಗುವುದಿಲ್ಲ. ಬಾಲಮಂದಿರದಲ್ಲಿ ಮಲಗಿ ಪಕ್ಕದ ಸರ್ಕಾರಿ ಶಾಲೆಗೆ ಹೋಗುವ ಮಗುವಿನ ಶಾಲೆ ವಸತಿ ಶಾಲೆ ಅಲ್ಲ. ಆದರೂ ‘ನೀವು ವಸತಿಯವರು’ ಅಂತ ಅರ್ಜಿಯನ್ನೇ ತೆಗೆದುಕೊಳ್ಳದ ಶಾಲೆ ನೋಡಿದ್ದೇನೆ. ನಿಯಮದ ಪ್ರತಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಜಗಳ ಬೇಡ, ಸುಮ್ನೆ ಆ ಸಾಲಿನ ಕೆಳಗೆ ಗೆರೆ ಎಳೆದು ತೋರಿಸಿ. ಕೆಲಸ ಆಗುತ್ತದೆ.

ಮುಂದುವರಿಸಿಕೊಳ್ಳಲು ಮಾರ್ಕ್ಸು ಬೇಕು. ಹತ್ತರಲ್ಲಿ 60 ಪರ್ಸೆಂಟ್, ಪರಿಶಿಷ್ಟ ಜಾತಿ, ಪಂಗಡದವರಿಗೆ 5 ಕಡಿಮೆ. ಒಮ್ಮೆ ಜಾರಿದರೆ ಮುಗಿಯಿತು. ಮನೆಯಲ್ಲಿರುವ ಮಗುವಿಗೆ ಇದು ಅಷ್ಟು ಕಠಿಣ ಅಲ್ಲ. ನಮ್ಮ ಮಕ್ಕಳಿಗೆ ಹತ್ತನೇ ಕ್ಲಾಸಿನ ವರ್ಷವೇ ಏನಾದರೊಂದು ಬಂದು ಕೂರುತ್ತದೆ. ತಮ್ಮನನ್ನು ಬೇರೆ ಸಂಸ್ಥೆಗೆ ಕಳಿಸುತ್ತಾರೆ, ಅಥವಾ ವರ್ಷಗಟ್ಟಲೆ ಕಾಣದ ಅಪ್ಪ ಇದ್ದಕ್ಕಿದ್ದಂತೆ ಬಂದು ಮಗುವನ್ನು ಕೊಡಿ ಅಂತ ಕೇಳುತ್ತಾನೆ. ಒಂದು ವರ್ಷ ಬಿಟ್ಟು ಮತ್ತೆ ಸೇರಿಸಿಕೊಳ್ಳುವ ಅವಕಾಶ ಇದ್ದಿದ್ದರೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ. ಈಗ ಮೂರು.

ಹಾಗಾದರೆ ಮೆರಿಟ್ ಅನ್ನುವುದನ್ನೇ ತೆಗೆಯಬೇಕಾ? ಇಲ್ಲ. ಅದನ್ನು ನನಗೆ ಹೇಳಿಕೊಟ್ಟಿದ್ದು ಮಕ್ಕಳೇ. ಇವರಿಗೆ ಸಿಗುವುದೆಲ್ಲ ಪಾಪ ಅಂತ ಕೊಟ್ಟದ್ದು. ಬಟ್ಟೆ, ಬ್ಯಾಗು, ಯಾರದೋ ಹುಟ್ಟುಹಬ್ಬದ ಕೇಕು. ಪರೀಕ್ಷೆ ಬರೆದು ತಗೊಂಡ ಸ್ಕಾಲರ್‌ಶಿಪ್ ಒಂದೇ ‘ನಂದು’ ಅಂತ ಹೇಳಿಕೊಳ್ಳುವಂಥದ್ದು. ಎನ್‌ಎಂಎಂಎಸ್ ಪಟ್ಟಿಯಲ್ಲಿ ಹೆಸರು ಬಂದ ದಿನ ನಮ್ಮ ಒಬ್ಬ ಹುಡುಗಿ ನಡೆದ ರೀತಿಯೇ ಬೇರೆ ಇತ್ತು, ಸಂಸ್ಥೆಯ ಮೇಡಂಗೂ ಅದು ಕಂಡಿತು. ಹಾಗಾಗಿ ಮೆರಿಟ್ ಇರಲಿ. ಅಳೆಯುವ ಕೋಲು ಬದಲಾಗಲಿ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೇ ಹೋಗದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಒಳ್ಳೆಯ ನಿಯಮ. ಅದರಿಂದ ಹನ್ನೆರಡು ವರ್ಷದ ಹುಡುಗ ಮೊದಲ ಸಲ ಸ್ಲೇಟು ಹಿಡಿಯುವ ಹೊತ್ತಿಗೆ ಆರನೇ ಕ್ಲಾಸಿನ ಹಾಜರಿಯಲ್ಲಿ ಇರುತ್ತಾನೆ. ಅವನ ಮನೆ ಮಾತು ಹಿಂದಿಯೋ ತೆಲುಗೋ ಇರಬಹುದು. ಅಂಥವನು ನಾಲ್ಕೈದು ವರ್ಷದಲ್ಲಿ ಕನ್ನಡ ಕಲಿತು ಎಸ್ಸೆಸ್ಸೆಲ್ಸಿಯಲ್ಲಿ 62 ಪರ್ಸೆಂಟ್ ತೆಗೆದರೆ ಅದಕ್ಕಿಂತ ದೊಡ್ಡ ಮೆರಿಟ್ ಏನಿದೆ ಹೇಳಿ? ಆದರೆ 90 ಪರ್ಸೆಂಟ್ ಗೆರೆ ಹಾಕಿದ ಸ್ಕಾಲರ್‌ಶಿಪ್ ಅವನ ಅರ್ಜಿಯನ್ನು ತೆರೆಯುವುದೂ ಇಲ್ಲ. ಕಂಪ್ಯೂಟರೇ ಪಕ್ಕಕ್ಕೆ ಹಾಕುತ್ತದೆ.

90ರ ಗೆರೆ ಅಂದಾಗ ವಿದ್ಯಾಧನ್ ನೆನಪಾಗುತ್ತದೆ. ಎಸ್.ಡಿ. ಶಿಬುಲಾಲ್ ಮತ್ತು ಕುಮಾರಿ ಶಿಬುಲಾಲ್ ಅವರು 1999ರಲ್ಲಿ ಶುರು ಮಾಡಿದ ಸರೋಜಿನಿ ದಾಮೋದರನ್ ಫೌಂಡೇಶನ್‌ನದು. ಹತ್ತನೇ ಕ್ಲಾಸಿನಲ್ಲಿ 90 ಪರ್ಸೆಂಟ್, ಮನೆಯ ಆದಾಯ 2 ಲಕ್ಷದ ಒಳಗೆ. ಅಂಗವಿಕಲ ಮಕ್ಕಳಿಗೆ ಗೆರೆಯನ್ನು 75ಕ್ಕೆ ಇಳಿಸಿದ್ದಾರೆ. ಇದು ನನಗೆ ಬಹಳ ಹಿಡಿಸಿತು. ಎಲ್ಲರೂ ಒಂದೇ ಜಾಗದಿಂದ ಓಡುತ್ತಿಲ್ಲ ಅನ್ನುವುದನ್ನು ಒಪ್ಪಿಕೊಂಡ ಹಾಗಾಯಿತು. ಪಾಲನಾ ಸಂಸ್ಥೆಯ ಮಕ್ಕಳಿಗೂ ಇಂಥದ್ದೇ ಇನ್ನೊಂದು ಗೆರೆ ಎಲ್ಲ ಕಡೆ ಬರಬೇಕು. ಇದರಲ್ಲಿ ದುಡ್ಡಿನ ಜೊತೆ ಮಾರ್ಗದರ್ಶನಕ್ಕೆ ಜನರೂ ಸಿಗುತ್ತಾರೆ. ಯಾವ ಕೋರ್ಸು, ಯಾವ ಕಾಲೇಜು ಅಂತ ಕೇಳಲು ಮನೆಯಲ್ಲಿ ಅಣ್ಣ ಅಕ್ಕ ಇಲ್ಲದವರಿಗೆ ಆ ಜನರ ಬೆಲೆ ದುಡ್ಡಿಗಿಂತ ಜಾಸ್ತಿ. 90 ಮುಟ್ಟುವ ಮಗು ನಿಮ್ಮಲ್ಲಿದ್ದರೆ ಬಿಡಬೇಡಿ. ನಾಲ್ಕು ಸ್ಟಾರ್.

ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರೈಜ್ ಮನಿ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆ ಬಂದರೆ ಒಂದು ಸಲದ ಮೊತ್ತ, ಪಿಯುಸಿಗೆ 20,000. ಸರಳವಾಗಿದೆ, ಇಷ್ಟ. ಒಂದೇ ತಕರಾರು, ಈ ಮೊದಲ ಪ್ರಯತ್ನ ಅನ್ನುವುದು. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಕೊಟ್ಟ ಮೇಲೆ ಮೊದಲನೆಯದಕ್ಕೆ ಮಾತ್ರ ಬೆಲೆ ಯಾಕೆ? ಜಾತಿಯೇ ಗೊತ್ತಿಲ್ಲದ ಮಗುವಿನ ಪಾಡು ಇನ್ನೂ ಕಷ್ಟ. ಜಾತಿ ಪ್ರಮಾಣಪತ್ರ ಇಲ್ಲ ಅಂದರೆ ರಾಜ್ಯದ ಸ್ಕಾಲರ್‌ಶಿಪ್‌ಗಳಲ್ಲಿ ದೊಡ್ಡ ಪಾಲು ಅವರಿಗೆ ಮುಚ್ಚಿದ ಬಾಗಿಲು. ನಾಡಕಚೇರಿಯಲ್ಲಿ ತಂದೆಯ ದಾಖಲೆ ಕೇಳುತ್ತಾರೆ, ಇಲ್ಲ ಅಂದರೆ ನಾಳೆ ಬಾ ಅನ್ನುತ್ತಾರೆ. ಮಹಾರಾಷ್ಟ್ರ 2018ರಲ್ಲಿ ಅನಾಥ ಮಕ್ಕಳಿಗೆ ಶಿಕ್ಷಣ ಮತ್ತು ಸರ್ಕಾರಿ ಕೆಲಸದಲ್ಲಿ 1 ಪರ್ಸೆಂಟ್ ಮೀಸಲಾತಿ ತಂದಿತು. ಅಲ್ಲಿ ಅನಾಥ ಪ್ರಮಾಣಪತ್ರ ಅಂತಲೇ ಒಂದು ಕಾಗದ ಇದೆ. ಒಂದೇ ಕಾಗದ, ಎಲ್ಲ ಕಡೆ ತೋರಿಸಬಹುದು.

ಹೊರದೇಶದ ಉದಾಹರಣೆ ಕೊಟ್ಟರೆ ಕೆಲವರಿಗೆ ಕೋಪ ಬರುತ್ತದೆ, ಇರಲಿ, ಒಂದೇ ಒಂದು. ಅಮೆರಿಕದಲ್ಲಿ ಕಾಲೇಜಿಗೆ ಸರ್ಕಾರದ ನೆರವು ಕೇಳುವ ಫಾರ್ಮಿನಲ್ಲಿ ಒಂದು ಪ್ರಶ್ನೆ ಇದೆ. 13 ವರ್ಷ ತುಂಬಿದ ಮೇಲೆ ಯಾವತ್ತಾದರೂ ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಇದ್ದೆಯಾ, ಅಥವಾ ಸರ್ಕಾರದ ಪಾಲನೆಯಲ್ಲಿ ಇದ್ದೆಯಾ ಅಂತ. ಹೌದು ಅಂತ ಗುರುತು ಹಾಕಿದರೆ ಹೆತ್ತವರ ಆದಾಯ, ಹೆತ್ತವರ ಸಹಿ, ಎಲ್ಲ ಕಾಲಂಗಳೂ ಮಾಯ. ಮಗು ಸ್ವತಂತ್ರ ವಿದ್ಯಾರ್ಥಿ. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಬಜೆಟ್ ಬೇಡ. ಇರುವ ಫಾರ್ಮಿಗೆ ಒಂದು ಪ್ರಶ್ನೆ ಸೇರಿಸಿದರೆ ಆಯಿತು.

ಈಗ ಖಾಸಗಿ ಟ್ರಸ್ಟ್‌ಗಳ ವಿಷಯ. ಒಂದು ಟ್ರಸ್ಟಿನ ಹೆಸರು ಹೇಳುವುದಿಲ್ಲ, ಆದರೆ ನಡೆದದ್ದು ಹೇಳುತ್ತೇನೆ. ಬಾಲಮಂದಿರದ ಪ್ರತಿಭಾವಂತ ಮಕ್ಕಳಿಗೆ ಅಂತಲೇ ಸ್ಕಾಲರ್‌ಶಿಪ್. ಅರ್ಜಿಯಲ್ಲಿ ‘ನಿಮ್ಮ ಜೀವನದ ಕಷ್ಟಗಳನ್ನು 500 ಪದಗಳಲ್ಲಿ ಬರೆಯಿರಿ’ ಅಂತ ಇತ್ತು. ಹದಿನಾರರ ಹುಡುಗಿ ಪೆನ್ನು ಹಿಡಿದು ಕೂತಳು. ಏನು ಬರೆದರೆ ದುಡ್ಡು ಕೊಡುತ್ತಾರೆ ಸರ್ ಅಂತ ಕೇಳಿದಳು. ಈ ಪ್ರಶ್ನೆಯನ್ನು ಮಗುವಿನ ಬಾಯಲ್ಲಿ ತರಿಸುವ ಯಾವ ಅರ್ಜಿಯೂ ನನ್ನ ಲೆಕ್ಕದಲ್ಲಿ ಸೊನ್ನೆ. ಗಣಿತದಲ್ಲಿ ಏನು ಇಷ್ಟ, ಮುಂದೆ ಏನು ಓದಬೇಕು ಅಂತ ಕೇಳಿದ್ದರೆ ನಾಲ್ಕು ಪುಟ ಬರೆಯುತ್ತಿದ್ದಳು.

ಇಂಟರ್‌ವ್ಯೂ ಇನ್ನೂ ಚೆಂದ. ಮೇಜಿನ ಆಚೆ ಐದಾರು ಜನ ದೊಡ್ಡವರು. ಅಪ್ಪ ಎಲ್ಲಿದ್ದಾರಮ್ಮ, ಅಮ್ಮ ಯಾಕೆ ಬಿಟ್ಟುಹೋದರು, ನೆನಪಾಗುತ್ತಾ? ನೆನಪಾಗುತ್ತಾ ಅಂತೆ. ಆಮೇಲೆ ಕಾರ್ಯಕ್ರಮ. ಬಾಗಿಲಷ್ಟು ಎತ್ತರದ ಚೆಕ್ಕು, ಹಾರ, ಭಾಷಣ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ, ಹೆಸರಿನ ಜೊತೆ ಪೇಪರಿಗೆ. ಅವರಿಗೆ ಯಾರೂ ಹೇಳಿರಲಿಲ್ಲವೋ ಏನೋ, ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಪಾಲನೆ, ರಕ್ಷಣೆ ಅಗತ್ಯವಿರುವ ಮಗುವಿನ ಹೆಸರು, ಶಾಲೆ, ಗುರುತು ಹಿಡಿಯುವಂಥ ಯಾವ ವಿವರವನ್ನೂ ಪತ್ರಿಕೆಯಲ್ಲಿ, ಟಿವಿಯಲ್ಲಿ ಹಾಕುವಂತಿಲ್ಲ. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮರುದಿನ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಅಲ್ಲಿಯವರೆಗೆ ಅವಳು ಹಾಸ್ಟೆಲ್‌ನಲ್ಲಿದ್ದೇನೆ ಅಂತ ಅಷ್ಟೇ ಹೇಳಿಕೊಂಡಿದ್ದಳು. ದುಡ್ಡು ಬಂತಾ? ಬಂತು, ಮೊದಲ ಕಂತು. ಎರಡನೇ ಕಂತಿಗೆ ಫೋನ್ ಮಾಡಿದಾಗ ಈ ವರ್ಷ ಟ್ರಸ್ಟಿಗೆ ಸ್ವಲ್ಪ ಟೈಟ್ ಇದೆ ಅಂದರು. ಆ ಹೊತ್ತಿಗೆ ಕಾಲೇಜಿನವರು ಎರಡನೇ ವರ್ಷದ ಫೀಸಿಗೆ ನೋಟಿಸ್ ಹಾಕಿದ್ದರು. ಇದಕ್ಕೆ ಅರ್ಧ ಸ್ಟಾರ್, ಅದೂ ಆ ಮೊದಲ ಕಂತಿಗೆ.

ಎಲ್ಲ ಟ್ರಸ್ಟೂ ಹೀಗೇ ಅಲ್ಲ. ಸದ್ದಿಲ್ಲದೆ ಕಾಲೇಜಿನ ಅಕೌಂಟಿಗೇ ಫೀಸು ಕಟ್ಟಿ, ಪ್ರತಿ ಸೆಮಿಸ್ಟರ್‌ಗೆ ಒಂದು ಮಾರ್ಕ್ಸ್‌ಕಾರ್ಡ್ ಅಷ್ಟೇ ಕೇಳುವವರೂ ಇದ್ದಾರೆ. ಕೊಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಮೂರು ವರ್ಷದ ಕೋರ್ಸಿಗೆ ಮೂರು ವರ್ಷದ ದುಡ್ಡು ತೆಗೆದಿಟ್ಟು ಆಮೇಲೆ ಘೋಷಣೆ ಮಾಡಿ. ಹತ್ತು ಮಕ್ಕಳಿಗೆ ಒಂದು ವರ್ಷ ಕೊಡುವುದಕ್ಕಿಂತ ಮೂವರಿಗೆ ಪೂರ್ತಿ ಕೊಡಿ.

ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಬಗ್ಗೆ ಬಹಳ ಜನ ಕೇಳುತ್ತಾರೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ 10 ಮತ್ತು 12 ಓದಿ ಪಾಸಾಗಿ ಡಿಗ್ರಿಗೋ ಡಿಪ್ಲೊಮಾಗೋ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000, ಕೋರ್ಸ್ ಮುಗಿಯುವವರೆಗೆ. 90ರ ಗೆರೆ ಇಲ್ಲ. ದುಡ್ಡು ಹುಡುಗಿಯ ಅಕೌಂಟಿಗೇ ಬರುತ್ತದೆ. ಇಷ್ಟು ಸರಳ ಇದ್ದರೆ ಎಷ್ಟು ಚೆನ್ನಾಗಿರುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ. ನಾಲ್ಕೂವರೆ. ಉಳಿದ ಅರ್ಧ ಯಾಕೆ ಕಟ್ ಅಂದರೆ ನಮ್ಮ ಗಂಡುಮಕ್ಕಳು ನನ್ನನ್ನು ನೋಡಿದ ನೋಟಕ್ಕೆ. ಅನುದಾನಿತ ಶಾಲೆಯಲ್ಲಿ ಓದಿದ ಹುಡುಗಿಯರದೂ ಅದೇ ಗೋಳು.

ಬ್ಯಾಂಕ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಆಯ್ಕೆಯಾದ ಮೇಲೂ ದುಡ್ಡು ಬಾರದೆ ಒದ್ದಾಡುವುದು ಇಲ್ಲೇ. ಸರ್ಕಾರದ ದುಡ್ಡು ಈಗ ಆಧಾರ್ ಮೂಲಕ ಹೋಗುತ್ತದೆ. ಅಂದರೆ ಫಾರ್ಮಿನಲ್ಲಿ ಬರೆದ ಅಕೌಂಟಿಗೇ ಹೋಗಬೇಕು ಅಂತಿಲ್ಲ, ಆಧಾರ್‌ಗೆ ಕೊನೆಯದಾಗಿ ಸೀಡ್ ಆದ, ಅಂದರೆ ಜೋಡಿಸಿದ, ಅಕೌಂಟಿಗೆ ಹೋಗುತ್ತದೆ. ನಮ್ಮ ಮಕ್ಕಳು ಸಂಸ್ಥೆ ಬದಲಿಸಿದಾಗಲೆಲ್ಲ ಅಧೀಕ್ಷಕರ ಜೊತೆ ಜಂಟಿಯಾಗಿ ಹೊಸ ಅಕೌಂಟ್ ತೆರೆದಿರುತ್ತಾರೆ. ಹಳೆಯ ಊರಿನ ಬ್ರಾಂಚಿನಲ್ಲಿ ದುಡ್ಡು ಬಂದು ಕೂತಿರುತ್ತದೆ, ಇಲ್ಲಿ ಮಗು ಸೊನ್ನೆ ಬ್ಯಾಲೆನ್ಸ್ ನೋಡಿಕೊಂಡು ಕೂತಿರುತ್ತದೆ. 18 ತುಂಬಿದಾಗ ಮೈನರ್ ಅಕೌಂಟಿಗೆ ಹೊಸದಾಗಿ ಕೆವೈಸಿ ಕೊಡಬೇಕು, ಕೊಡದಿದ್ದರೆ ದುಡ್ಡು ತೆಗೆಯಲು ಬಿಡುವುದಿಲ್ಲ. ಹೆಸರಿನದು ಇನ್ನೊಂದು ಕಾಟ. ಆಧಾರ್‌ನಲ್ಲಿ ಒಂದು, ಶಾಲೆ ದಾಖಲಾತಿಯಲ್ಲಿ ಒಂದು, ಸಮಿತಿಯ ಆದೇಶದಲ್ಲಿ ಮತ್ತೊಂದು. ಇನಿಷಿಯಲ್ ಯಾರದು ಅಂತ ಗೊತ್ತಿಲ್ಲದ ಮಗುವಿಗೆ ಯಾರೋ ಗುಮಾಸ್ತರು ಅಂದಾಜಿಗೆ ಒಂದು ಅಕ್ಷರ ಹಾಕಿರುತ್ತಾರೆ. ಅದು ಹತ್ತು ವರ್ಷ ಆದ ಮೇಲೆ ಪೋರ್ಟಲ್‌ನಲ್ಲಿ ಮಿಸ್‌ಮ್ಯಾಚ್ ಅಂತ ಕೆಂಪಗೆ ಮಿನುಗುತ್ತದೆ. ಇದನ್ನೆಲ್ಲ ಒಂಬತ್ತನೇ ಕ್ಲಾಸಿನಲ್ಲೇ ಸರಿ ಮಾಡಿಸಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಕೆಲಸ.

ಆದಾಯ ಪ್ರಮಾಣಪತ್ರವೂ ಹಾಗೆಯೇ. ಕುಟುಂಬದ ಆದಾಯ ಅಂದರೆ ಯಾವ ಕುಟುಂಬ? ಕೆಲವು ಕಡೆ ಸಂಸ್ಥೆಯ ಮುಖ್ಯಸ್ಥರ ಪತ್ರ ಒಪ್ಪುತ್ತಾರೆ, ಕೆಲವು ಕಡೆ ದೂರದ ಚಿಕ್ಕಪ್ಪನ ಆದಾಯ ತನ್ನಿ ಅನ್ನುತ್ತಾರೆ. ಆ ಚಿಕ್ಕಪ್ಪ ಮಗುವನ್ನು ತಂದು ಬಿಟ್ಟುಹೋದವನೇ ಆಗಿರುತ್ತಾನೆ ಅನ್ನುವುದು ಕೌಂಟರಿನ ಆಚೆ ಕೂತವರಿಗೆ ಕಾಣುವುದಿಲ್ಲ.

ಕೊನೆಗೆ, ಯಾವ ಮೆರಿಟ್ ಸ್ಕಾಲರ್‌ಶಿಪ್ಪೂ ಮುಟ್ಟದ ಒಂದು ಜಾಗ ಇದೆ. 18 ತುಂಬಿದ ಮೇಲೆ ಇರುವುದು ಎಲ್ಲಿ? ತಡವಾಗಿ ಶಾಲೆ ಸೇರಿದವರಿಗೆ ಪಿಯುಸಿ ನಡುವೆಯೇ, ಕೆಲವರಿಗೆ ಎಸ್ಸೆಸ್ಸೆಲ್ಸಿಯಲ್ಲೇ 18 ತುಂಬುತ್ತದೆ. ಕಾಲೇಜು ಹಾಸ್ಟೆಲ್ ಸಿಕ್ಕಿತು ಅಂತಿಟ್ಟುಕೊಳ್ಳಿ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಬಾಗಿಲು ಹಾಕುತ್ತಾರೆ, ಎಲ್ಲರೂ ಊರಿಗೆ ಹೊರಡುತ್ತಾರೆ. ಇವರು ಯಾವ ಊರಿಗೆ ಹೋಗಬೇಕು? ಹಳೆಯ ಸಂಸ್ಥೆಗೆ ಹೋಗಲು ವಯಸ್ಸು ದಾಟಿದೆ. ಗೆಳೆಯರ ಮನೆಗೆ ಎಷ್ಟು ಸಲ ಹೋಗುವುದು? ಒಂದಿಷ್ಟು ಜನ ಹೋಟೆಲಿನಲ್ಲೋ ಕೇಟರಿಂಗ್‌ನಲ್ಲೋ ಕೆಲಸಕ್ಕೆ ಸೇರಿಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿ ಮಲಗಲು ಜಾಗ ಕೊಡುತ್ತಾರೆ. ಕೈಗೆ ದುಡ್ಡು ಬರಲು ಶುರುವಾದ ಮೇಲೆ ರಜೆ ಮುಗಿದರೂ ವಾಪಸ್ ಬರುವುದಿಲ್ಲ. ಡ್ರಾಪ್‌ಔಟ್ ಅಂತ ಬರೆದುಕೊಳ್ಳುತ್ತಾರೆ. 50,000 ಸ್ಕಾಲರ್‌ಶಿಪ್ ಪಡೆದವನೂ ಹೀಗೆ ಕಳೆದುಹೋಗುವುದನ್ನು ನೋಡಿದಾಗ ಸಿಟ್ಟು ಬರುತ್ತದೆ. ಹಾಸ್ಟೆಲ್‌ನಲ್ಲಿ ಒಂದು ರೂಮು ರಜೆಯಲ್ಲೂ ತೆರೆದಿದ್ದರೆ ಇದು ನಡೆಯುತ್ತಲೇ ಇರಲಿಲ್ಲ.

ಇದಕ್ಕೆ ಅಂತ ಇರುವುದು ಆಫ್ಟರ್‌ಕೇರ್, ಕನ್ನಡದಲ್ಲಿ ಅನುಪಾಲನೆ ಅನ್ನುತ್ತಾರೆ. ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 46ರಲ್ಲಿ ಇದೆ. 18ರಿಂದ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಕೇಂದ್ರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ. ಮಾರ್ಕ್ಸ್ ಕೇಳುವುದಿಲ್ಲ. ಮೆರಿಟ್ ಸ್ಕಾಲರ್‌ಶಿಪ್ ಹುಡುಕುವ ಗಲಾಟೆಯಲ್ಲಿ ಇದನ್ನು ಬಹಳ ಜನ ಮರೆಯುತ್ತಾರೆ. ನನ್ನ ಪ್ರಕಾರ ಮೊದಲು ಹಾಕಬೇಕಾದ ಅರ್ಜಿಯೇ ಇದು. ಮೊತ್ತ ಸಾಲದು, ದೊಡ್ಡ ಊರಿನಲ್ಲಿ ಪಿಜಿ ಬಾಡಿಗೆಗೇ ಮುಗಿದುಹೋಗುತ್ತದೆ. ಮಂಜೂರಾಗುವುದೂ ನಿಧಾನ. ಆದರೂ ತಿಂಗಳು ತಿಂಗಳು ಬರುವ ದುಡ್ಡು ಅನ್ನುವ ಕಾರಣಕ್ಕೆ ಮೂರೂವರೆ ಸ್ಟಾರ್.

ನಿಮ್ಮ ಪರಿಚಯದ ಸಂಸ್ಥೆಯಲ್ಲಿ 17 ತುಂಬಿದ ಮಗು ಇದ್ದರೆ ಈಗಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅನುಪಾಲನೆಯ ಅರ್ಜಿ ಕೇಳಿ. 18 ಆದ ಮೇಲೆ ನೋಡೋಣ ಅಂದರೆ ಒಪ್ಪಬೇಡಿ, ಅಷ್ಟರಲ್ಲಿ ಮಗು ಅಲ್ಲಿ ಇರುವುದಿಲ್ಲ. ಸಮಿತಿಯ ಆದೇಶದ ದೃಢೀಕೃತ ಪ್ರತಿ ನಾಲ್ಕೈದು ಮಾಡಿಸಿಡಿ, ಒಂದು ಮಗುವಿನ ಕೈಯಲ್ಲೇ ಇರಲಿ. ಮಾರ್ಕ್ಸ್‌ಕಾರ್ಡ್ ಡಿಜಿಲಾಕರ್‌ಗೆ ಹಾಕಿಸಿ. ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಆಧಾರ್‌ಗೆ ಜೋಡಿಸಿರುವ ಮೊಬೈಲ್ ನಂಬರ್ ಬಹುತೇಕ ಯಾವುದೋ ಅಧೀಕ್ಷಕರದ್ದಾಗಿರುತ್ತದೆ. ಅವರಿಗೆ ವರ್ಗಾವಣೆಯಾಗಿ ಎರಡು ವರ್ಷ ಆಗಿರುತ್ತದೆ, ಆದರೆ ಸ್ಕಾಲರ್‌ಶಿಪ್‌ನ ಓಟಿಪಿ ಇನ್ನೂ ಅವರ ಫೋನಿಗೇ ಹೋಗುತ್ತಿರುತ್ತದೆ, ಅವರು ಯಾರೋ ಮೋಸದವರು ಅಂತ ಡಿಲೀಟ್ ಮಾಡುತ್ತಿರುತ್ತಾರೆ. ಮಗುವಿನ ಹೆಸರಲ್ಲಿ ಒಂದು ಸಿಮ್ ತೆಗೆದುಕೊಡಲು 18 ಆಗಬೇಕು. ಆದ ವಾರವೇ ತೆಗೆಸಿ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಂಬರ್ ಬದಲಿಸಿ. ಅಲ್ಲಿಯವರೆಗೆ ಆ ಹಳೆಯ ಅಧೀಕ್ಷಕರಿಗೆ ಒಂದು ಫೋನ್ ಮಾಡಿ ವಿಷಯ ಹೇಳಿಡಿ.